ಸ್ವಾಮಿಯ ಆಚೆಗಿನ ಮಾಲ್ಗುಡಿ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ನಮ್ಮೂರಿನ ಹೆಸರು ಬರೆದ ಬೋರ್ಡೊಂದಿದೆ. ಅದನ್ನು ಓದಿ ಗಾಡಿ ತಿರುಗಿಸುವವರು ಕಡಿಮೆ. ಬೇಲೂರಿನ ಶಿಲಾಬಾಲಿಕೆಯರನ್ನು ಕಾಣಲು ಹೊರಟವರಿಗೆ ದೊಡ್ಡಗದ್ದವಳ್ಳಿ ದಾರಿಯಲ್ಲಿ ಸರಿದುಹೋಗುವ ಒಂದು ಹೆಸರು, ಅಷ್ಟೆ. ಕೆರೆಯ ಪಕ್ಕದಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಸ್ಥಾನವಿದೆ. ಬೇಲೂರಿನ ಗುಡಿಗಿಂತ ಸ್ವಲ್ಪ ಮೊದಲಿನದು. ಕಟ್ಟಿಸಿದವನು ರಾಜನಲ್ಲ, ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ಶಾಲೆಯ ಹುಡುಗನೊಬ್ಬ, "ನಮ್ದ್ಯಾಕೆ ಸೇರ್ಲಿಲ್ಲ ಮಿಸ್?" ಎಂದು ಕೇಳಿದ. ಉತ್ತರ ಕೊಡಲು ನನಗೆ ತಿಳಿಯಲಿಲ್ಲ. "ಅವು ಇನ್ನೂ ದೊಡ್ಡವು ಕಣೋ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ನಾನು ಬರೆಯಲು ಹೊರಟಿರುವುದು ದೇವಸ್ಥಾನದ ಬಗ್ಗೆ ಅಲ್ಲ, ಒಂದು ಧಾರಾವಾಹಿಯ ಬಗ್ಗೆ. ಆದರೆ ಅದನ್ನು ಮತ್ತೆ ನೋಡುತ್ತಿದ್ದಾಗಲೆಲ್ಲ ಈ ಬೋರ್ಡಿನ ನೆನಪೇ ಬರುತ್ತಿತ್ತು. ನಮ್ಮ ಜನ 'ಮಾಲ್ಗುಡಿ ಡೇಸ್' ಅನ್ನು ನೋಡಿರುವುದೂ ಹೀಗೆಯೇ. ನೇರವಾಗಿ ಸ್ವಾಮಿಯ ಬಳಿ ಹೋಗಿ, ಅವನ ಟೋಪಿ, ಅವನ ಗೆಳೆಯರು, ಆ 'ತಾನ ನ ತಾನ ನ' ರಾಗ, ಇಷ್ಟನ್ನು ನೋಡಿಕೊಂಡು ವಾಪಸು ಬಂದುಬಿಟ್ಟಿದ್ದೇವೆ. ಅಕ್ಕಪಕ್ಕದ ಕಂತುಗಳ ಕಡೆಗೆ ಗಾಡಿ ತಿರುಗಿಸಲೇ ಇಲ್ಲ.

1987ರಲ್ಲಿ ಅದು ದೂರದರ್ಶನದಲ್ಲಿ ಮೊದಲು ಬಂದಾಗ ನನಗೆ ಹದಿನೇಳು ವರ್ಷ. ಪಿಯುಸಿ ಓದಲು ಹಾಸನದ ಚಿಕ್ಕಪ್ಪನ ಮನೆಯಲ್ಲಿದ್ದೆ. ಚಿಕ್ಕಪ್ಪನ ಮನೆಯಲ್ಲಿ ಟಿವಿ ಇರಲಿಲ್ಲ, ಎದುರು ಮನೆಯಲ್ಲಿತ್ತು. ಕಪ್ಪು ಬಿಳುಪಿನದು, ಮರದ ಶಟರ್ ಇದ್ದದ್ದು. ಗಾಳಿ ಬೀಸಿದರೆ ಆ ಮನೆಯ ಹುಡುಗ ಮಹಡಿ ಹತ್ತಿ ಆಂಟೆನಾ ತಿರುಗಿಸಿ, "ಈಗ ಬಂತಾ? ಈಗ?" ಎಂದು ಕೂಗಬೇಕು. ನಾವು ಹತ್ತು ಹನ್ನೆರಡು ಜನ ಹೆಂಗಸರು ಮಕ್ಕಳು ಚಾಪೆಯ ಮೇಲೆ ಕುಳಿತು, "ಬಂತು, ಹೋಯ್ತು, ಬಂತು" ಎನ್ನುತ್ತಿದ್ದೆವು. ಹಾಗೆ ಬಂದುಹೋಗುವ ಮಳೆಹನಿಯಂಥ ಚುಕ್ಕೆಗಳ ನಡುವೆ ಶಂಕರ್‌ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿ ತೋರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಆರ್.ಕೆ. ನಾರಾಯಣರ ಕಥೆಗಳಿಗೆ ತಮ್ಮ ಆರ್.ಕೆ. ಲಕ್ಷ್ಮಣರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಸಂಗೀತ. ಒಟ್ಟು 39 ಕಂತು. ನಾನು ಅವುಗಳಲ್ಲಿ ಅರ್ಧದಷ್ಟನ್ನೂ ನೋಡಿರಲಾರೆ. ಸ್ವಾಮಿಯ ಕಂತುಗಳು ಮುಗಿದ ಮೇಲೆ ಎದುರು ಮನೆಯ ಚಾಪೆಯ ಮೇಲೆ ಜನ ತೆಳುವಾದರು. "ಇವತ್ತು ಸ್ವಾಮಿ ಇಲ್ವಂತೆ" ಎಂದು ಮಕ್ಕಳು ಆಡಲು ಓಡುತ್ತಿದ್ದರು. ನನಗೂ ಪರೀಕ್ಷೆ ಬಂತು.

ಆಮೇಲೆ ಬಿಎ, ಬಿಎಡ್, ಮದುವೆ, ನೌಕರಿ, ಮಗಳು. ಮೂವತ್ತು ವರ್ಷಕ್ಕೂ ಮಿಕ್ಕಿದ ಕಾಲ ಹೇಗೋ ಹೋಯಿತು. ಈಗ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಮ್ಮೆ ಊರಿಗೆ ಬಂದಾಗ ತನ್ನ ಒಟಿಟಿ ಖಾತೆಯನ್ನು ನನ್ನ ಫೋನಿಗೂ ಹಾಕಿಕೊಟ್ಟು, "ಸೀರಿಯಲ್‌ನಲ್ಲಿ ಅತ್ತೆ ಸೊಸೆ ಜಗಳ ನೋಡಿದ್ದು ಸಾಕು, ಇದನ್ನ ನೋಡಮ್ಮ" ಎಂದು ಹೇಳಿ ಹೋದಳು. ಅದರಲ್ಲಿ ಏನೇನೋ ಇತ್ತು. ಕೊರಿಯಾ ದೇಶದ್ದು, ಕೊಲೆ ಪತ್ತೆಯದ್ದು, ರಕ್ತ ನೋಡಿದರೆ ಊಟ ಸೇರದಂಥದ್ದು. ಹುಡುಕುತ್ತ ಹುಡುಕುತ್ತ ಮಾಲ್ಗುಡಿ ಸಿಕ್ಕಿತು. ಹಳೆಯ ನೆಂಟರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹಾಗಾಯಿತು.

ರಾತ್ರಿ ಪಾತ್ರೆ ತೊಳೆದು, ಬೆಳಗಿನ ದೋಸೆಗೆ ರುಬ್ಬಿಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ದಿನಕ್ಕೊಂದು ಕಂತು. ನಮ್ಮ ಮನೆಯವರು ಹಾದುಹೋಗುವಾಗ ಇಣುಕಿ, "ಇಷ್ಟು ಹಳೇದನ್ನ ಏನ್ ನೋಡ್ತೀಯ" ಎನ್ನುವರು. ಹಳೆಯದೇನೋ ನಿಜ. ಆದರೆ ಚುಕ್ಕೆಗಳಿಲ್ಲದೆ, "ಬಂತಾ" ಎಂದು ಕೂಗುವವರಿಲ್ಲದೆ, ಬಣ್ಣದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ಸ್ವಾಮಿಯ ಬಗ್ಗೆ ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನ ಅಭಿಮಾನಿಗಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ 'ಎ ಹೀರೋ' ಪಾಠವಿತ್ತು. ಹುಲಿಯೊಡನೆ ಹೋರಾಡಿದ ಹುಡುಗನ ಸುದ್ದಿ ಓದಿದ ಅಪ್ಪ, ಒಂದು ರಾತ್ರಿ ಒಬ್ಬನೇ ಮಲಗು ನೋಡೋಣ ಎಂದು ಸ್ವಾಮಿಯನ್ನು ಕೆಣಕುವುದು, ಕತ್ತಲಲ್ಲಿ ಹೆದರಿದ ಸ್ವಾಮಿ ಯಾವುದೋ ಕಾಲನ್ನು ಕಚ್ಚಿದರೆ ಅದು ಕಳ್ಳನದಾಗಿರುವುದು. ಅದನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಮಕ್ಕಳು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಸ್ವಾಮಿಯ ಅಪ್ಪ ವಕೀಲರು. ಮನೆಯಲ್ಲಿ ಅಜ್ಜಿ, ಅಡಿಗೆಯವನು, ಅಪ್ಪನಿಗೆ ಬೇರೆ ಕೋಣೆ. ಅವನ ಭಯಗಳು ಹೊಟ್ಟೆ ತುಂಬಿದ ಮನೆಯ ಭಯಗಳು. ಅದು ತಪ್ಪೆಂದಲ್ಲ. ಆದರೆ ಆ ಊರಿನಲ್ಲಿ ಹೊಟ್ಟೆ ತುಂಬದ ಮನೆಗಳೂ ಇದ್ದವು, ಶಂಕರ್‌ನಾಗ್ ಅವುಗಳನ್ನೂ ಅಷ್ಟೇ ಮನಸ್ಸಿಟ್ಟು ತೋರಿಸಿದ್ದರು. ನಾವು ನೋಡಲಿಲ್ಲ, ಅಷ್ಟೆ.

'ಲೀಲಾಸ್ ಫ್ರೆಂಡ್' ಅಂಥದೊಂದು. ಐದು ವರ್ಷದ ಲೀಲಾಳನ್ನು ಆಡಿಸಲು ಸಿದ್ದ ಎಂಬವನು ಕೆಲಸಕ್ಕೆ ಸೇರುತ್ತಾನೆ. ಅವನು ಆಕಾಶಕ್ಕೆ ಚೆಂಡೆಸೆದು ಅದು ಚಂದ್ರನನ್ನು ಮುಟ್ಟಿ ಬಂತು ಎನ್ನುತ್ತಾನೆ, ಮಗು ನಂಬುತ್ತದೆ. ಮಗು ಅವನಿಗೆ ಅಕ್ಷರ ಕಲಿಸಲು ಕೂರುತ್ತದೆ, ಅವನ ಒರಟು ಮಣಿಕಟ್ಟು ಬಗ್ಗುವುದಿಲ್ಲ. ಕಲಿಸುವವಳಿಗೆ ಐದು ವರ್ಷ, ಕಲಿಯುವವನಿಗೆ ಅವಳ ಅಪ್ಪನಷ್ಟು ವಯಸ್ಸು. ಇಷ್ಟು ವರ್ಷ ಬಳಪ ಹಿಡಿದ ನನಗೆ ಈ ಭಾಗ ಬಂದಾಗ ಕಣ್ಣು ಮಂಜಾಯಿತು. ಒಂದು ದಿನ ಮಗುವಿನ ಕತ್ತಿನ ಸರ ಕಾಣುವುದಿಲ್ಲ. ಸಿದ್ದ ಹೆದರಿ ಓಡಿಹೋಗುತ್ತಾನೆ. ಪೊಲೀಸರು ಬರುತ್ತಾರೆ. ಅವನು ಹಿಂದೆಯೂ ಜೈಲಿಗೆ ಹೋದವನಂತೆ. ಕೆಲವು ದಿನ ಕಳೆದ ಮೇಲೆ ಆ ಸರ ಎಲ್ಲಿ ಸಿಗುತ್ತದೆ ಗೊತ್ತೆ? ಅಡಿಗೆಮನೆಯ ಹುಣಸೆಹಣ್ಣಿನ ಗಡಿಗೆಯಲ್ಲಿ, ಅಮ್ಮನ ಕೈಗೆ. ಮಗುವೇ ಹಾಕಿದ್ದು.

ಇಲ್ಲಿಗೆ ಕಥೆ ನಿಂತಿದ್ದರೆ ನಾವು ಅಯ್ಯೋ ಪಾಪ ಎಂದು ಏಳುತ್ತಿದ್ದೆವು. ಆದರೆ ಅಪ್ಪ ಏನು ಮಾಡುತ್ತಾನೆ ನೋಡಿ. ಸಿದ್ದ ಈ ಸರ ಕದ್ದಿಲ್ಲ ಎಂದು ಪೊಲೀಸರಿಗೆ ತಿಳಿಸಿದರಾಯಿತು, ಆದರೆ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಂತೂ ಆಗುತ್ತಿರಲಿಲ್ಲ ಎಂದುಬಿಡುತ್ತಾನೆ. ಸಿಕ್ಕ ಮೇಲೂ ಕಳ್ಳನೇ! ಹುಣಸೆಹಣ್ಣಿನ ಡಬ್ಬಿ ಇಲ್ಲದ ಅಡಿಗೆಮನೆ ನಮ್ಮಲ್ಲಿ ಯಾರದಿದೆ? ಒಮ್ಮೆ ನಮ್ಮ ತರಗತಿಯಲ್ಲಿ ಒಬ್ಬಳ ಜಾಮಿಟ್ರಿ ಬಾಕ್ಸು ಕಳೆದಾಗ ನಾನು ಮೊದಲು ತಿರುಗಿ ನೋಡಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು. ಒಂದು ಮಾತೂ ಆಡಲಿಲ್ಲ, ನೋಡಿದೆ ಅಷ್ಟೆ. ಬಾಕ್ಸು ಅವಳ ಮನೆಯಲ್ಲೇ ಇತ್ತು. ಆ ಹುಡುಗ ಆಮೇಲೆ ನನ್ನ ಪಿರಿಯಡ್ಡಿನಲ್ಲಿ ತಲೆ ಎತ್ತಿ ಕೂತದ್ದು ನನಗೆ ನೆನಪಿಲ್ಲ.

ಇನ್ನು ನಾನು ಹೇಳಲೇಬೇಕೆಂದುಕೊಂಡ ಕಂತು: 'ರುಪೀಸ್ ಫಾರ್ಟಿಫೈವ್ ಎ ಮಂತ್', ಅಂದರೆ ತಿಂಗಳಿಗೆ ನಲವತ್ತೈದು ರೂಪಾಯಿ.

ಕಥೆ ಒಂದು ಬೊಗಸೆಯಷ್ಟು. ವೆಂಕಟರಾವ್ ಒಬ್ಬ ಗುಮಾಸ್ತ, ಸಂಬಳ ತಿಂಗಳಿಗೆ ನಲವತ್ತು ರೂಪಾಯಿ. ಬೆಳಿಗ್ಗೆ ಮಗಳು ಏಳುವ ಹೊತ್ತಿಗೆ ಹೊರಟು, ಅವಳು ಮಲಗಿದ ಮೇಲೆ ಬರುವವನು. ಒಂದು ದಿನ ಮಗಳು ಶಾಂತಾಳಿಗೆ ಮಾತು ಕೊಡುತ್ತಾನೆ, ಸಂಜೆ ಬೇಗ ಬಂದು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು. ಶಾಂತಾ ಮೊದಲನೆಯ ತರಗತಿಯ ಮಗು. ಶಾಲೆಯಲ್ಲಿ ಅವಳಿಗೆ ಕೂರಲಾಗುವುದಿಲ್ಲ. ಮನೆಗೆ ಬಂದು, ಹಟ ಹಿಡಿದು ತನಗೆ ಬೇಕಾದ ಫ್ರಾಕನ್ನೇ ಹಾಕಿಸಿಕೊಂಡು, ರಿಬ್ಬನ್ನು ಕಟ್ಟಿಸಿಕೊಂಡು, ಪೌಡರ್ ಬಳಿದುಕೊಂಡು ಗೇಟಿನಲ್ಲಿ ನಿಲ್ಲುತ್ತಾಳೆ. ಐದು ಗಂಟೆ ದಾಟುತ್ತದೆ. ಅಪ್ಪನ ಆಫೀಸು ಹುಡುಕಿಕೊಂಡು ಬೀದಿಗಿಳಿದು ದಾರಿ ತಪ್ಪುತ್ತಾಳೆ, ಯಾರೋ ಗುರುತಿನವರು ಕರೆತಂದು ಬಿಡುತ್ತಾರೆ. ಅತ್ತ ವೆಂಕಟರಾವ್ ಮ್ಯಾನೇಜರನ್ನು ಕೇಳಿ, ಬೈಸಿಕೊಂಡು, ಕೊನೆಗೆ ಸಿಟ್ಟಿನಲ್ಲಿ ರಾಜೀನಾಮೆ ಬರೆಯುತ್ತಾನೆ. ಅದನ್ನು ಕೊಡಲು ಹೋದಾಗ ಮ್ಯಾನೇಜರು ಹೇಳುವ ಸುದ್ದಿ: ನಿನಗೆ ಐದು ರೂಪಾಯಿ ಬಡ್ತಿ ಆಗಿದೆ. ಕಾಗದ ಜೇಬಿಗೆ ಹೋಗುತ್ತದೆ. ಮನೆ ಮುಟ್ಟುವಾಗ ರಾತ್ರಿ ಒಂಬತ್ತು ದಾಟಿದೆ. ಮಗಳು ಫ್ರಾಕು ಬಿಚ್ಚದೆ, ಊಟ ಮಾಡದೆ, ಹಾಗೆಯೇ ಮಲಗಿ ನಿದ್ದೆ ಹೋಗಿದ್ದಾಳೆ. ಎಬ್ಬಿಸಿದರೆ ಕಾಲು ಝಾಡಿಸಿ ಅಳುತ್ತಾಳೆ.

ವೆಂಕಟರಾವ್ ಆಗಿರುವವರು ವಿಷ್ಣುವರ್ಧನ್. ಸ್ವಲ್ಪ ಯೋಚಿಸಿ. 1972ರಲ್ಲಿ 'ನಾಗರಹಾವು' ಚಿತ್ರದ ರಾಮಾಚಾರಿಯಾಗಿ ಯಾರ ಮಾತನ್ನೂ ಕೇಳದೆ ಹೆಡೆ ಎತ್ತಿ ನಿಂತವರು. 1982ರ ಮೇಲೆ ನಮಗೆಲ್ಲ ಸಾಹಸಸಿಂಹ. ನನ್ನ ಪಿಯುಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವರ ಚಿತ್ರ ಅಂಟಿಸಿದ್ದೆ, ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಅಂಥವರನ್ನು ಶಂಕರ್‌ನಾಗ್ ಒಂದು ಮೇಜಿನ ಮುಂದೆ ತಂದು ನಿಲ್ಲಿಸಿ, ಮನೆಗೆ ಬೇಗ ಹೋಗಲೇ ಸಾರ್ ಎಂದು ಕೇಳುವ ಹಾಗೆ ಮಾಡಿದರು. ಹತ್ತು ಜನರನ್ನು ಹೊಡೆದುರುಳಿಸುವ ಕೈಗೆ ಒಂದು ಕಾಗದವನ್ನು ಮೇಜಿನ ಮೇಲಿಡಲು ಆಗುವುದಿಲ್ಲ. ಬೇರೆ ಯಾವ ನಟನಿದ್ದರೂ ಇದು ಒಬ್ಬ ಬಡ ಗುಮಾಸ್ತನ ಕಥೆಯಾಗುತ್ತಿತ್ತು. ವಿಷ್ಣು ಇದ್ದುದರಿಂದ, ನಾವು ಗಂಡಸಿನ ಪೌರುಷ ಎಂದು ಯಾವುದನ್ನು ಪರದೆಯ ಮೇಲೆ ನೋಡಿ ಶಿಳ್ಳೆ ಹೊಡೆಸಿದ್ದೆವೋ ಅದು ಐದು ರೂಪಾಯಿ ಬಡ್ತಿಗೆ ಹೇಗೆ ಬಗ್ಗುತ್ತದೆ ಎನ್ನುವುದು ಕಂಡಿತು. ಅವರ ಚಿತ್ರಗಳ ಬಗ್ಗೆ ಮಾತನಾಡುವವರು ಈ ಕಂತನ್ನು ಅಷ್ಟಾಗಿ ಎತ್ತುವುದಿಲ್ಲ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಅಭಿನಯಗಳಲ್ಲಿ ಇದೊಂದು. ಇಪ್ಪತ್ತು ಇಪ್ಪತ್ತೈದು ನಿಮಿಷದ್ದು ಎಂದು ಇದಕ್ಕೆ ಲೆಕ್ಕ ತಪ್ಪಿತೋ ಏನೋ.

ಹದಿನೇಳನೆಯ ವಯಸ್ಸಿನಲ್ಲಿ ಇದನ್ನು ನೋಡಿದ್ದರೆ ನಾನು ಶಾಂತಾಳ ಪಕ್ಷ ವಹಿಸುತ್ತಿದ್ದೆ. ಈಗ ಹಾಗಾಗಲಿಲ್ಲ.

2004ರ ಏಪ್ರಿಲ್. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ. ನಮ್ಮಂಥ ಶಿಕ್ಷಕರಿಗೆಲ್ಲ ಡ್ಯೂಟಿ, ಅದಕ್ಕೆ ಮೊದಲು ತರಬೇತಿ. ಮಗಳಿಗೆ ಆಗ ಆರು ವರ್ಷ, ಅವಳೂ ಒಂದನೆಯ ತರಗತಿ. ಮಲ್ಲಿಗೆಯ ಕಾಲ. ಅವಳ ಗೆಳತಿಗೆ ಮೊಗ್ಗಿನ ಜಡೆ ಹಾಕಿ ಸ್ಟುಡಿಯೋದಲ್ಲಿ ಕನ್ನಡಿ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ್ದರು. ಇವಳಿಗೂ ಬೇಕು. ಒಂದು ತಿಂಗಳು ಪೀಡಿಸಿದಳು. "ಆಯ್ತು ಪುಟ್ಟಿ, ಭಾನುವಾರ ಟ್ರೈನಿಂಗ್ ಮುಗಿಸಿಕೊಂಡು ಎರಡು ಗಂಟೆಗೆ ಬಂದ್ಬಿಡ್ತೀನಿ, ಹೋಗೋಣ" ಎಂದೆ. ಪಕ್ಕದ ಮನೆಯ ಅಕ್ಕ ಬೆಳಿಗ್ಗೆಯೇ ಮೊಗ್ಗು ತರಿಸಿ, ಬಾಳೆಪಟ್ಟೆಗೆ ಕಟ್ಟಿ, ಮಧ್ಯಾಹ್ನದ ಹೊತ್ತಿಗೆ ಜಡೆ ಹಾಕಿ ಕೂರಿಸಿದ್ದರು. ತರಬೇತಿ ಎರಡು ಗಂಟೆಗೆ ಮುಗಿಯಲಿಲ್ಲ. ನಾಲ್ಕಕ್ಕೂ ಮುಗಿಯಲಿಲ್ಲ. ಎದ್ದು ಹೋಗಿ ಕೇಳಬಹುದಿತ್ತು. ನನ್ನ ಪಕ್ಕದಲ್ಲಿದ್ದವರು ಕೇಳಿದರು, ಬಿಟ್ಟರು ಕೂಡ. ನಾನು ಕೇಳಲಿಲ್ಲ. ಆ ವರ್ಷ ನನ್ನ ವರ್ಗಾವಣೆಯ ಅರ್ಜಿ ಇತ್ತು, ಯಾರ ಕಣ್ಣಿಗೂ ಬೀಳಬಾರದೆಂದು ಸುಮ್ಮನೆ ಕೂತೆ. ಬಸ್ಸು ಸಿಕ್ಕಿ ಮನೆಗೆ ಬರುವಾಗ ರಾತ್ರಿ ಎಂಟಾಗಿತ್ತು. "ಜಡೆ ಮುದುಡುತ್ತೆ ಅಂತ ಗೋಡೆಗೂ ಒರಗಲಿಲ್ಲ ಕಣ್ರೀ, ಹಂಗೇ ಕೂತಿತ್ತು ಮಗು" ಎಂದರು ಆ ಅಕ್ಕ. ಮೊಗ್ಗೆಲ್ಲ ಅರಳಿ ಕಂದಿಹೋಗಿತ್ತು. ಮನೆ ತುಂಬ ಪರಿಮಳ. ಮಗಳು ಅಳಲಿಲ್ಲ, ಮಾತೂ ಆಡಲಿಲ್ಲ. ಜಡೆ ಬಿಚ್ಚುವಾಗ ದಾರಕ್ಕೆ ಕೂದಲು ಸಿಕ್ಕಿ ಎಳೆದರೂ "ಸ್" ಎನ್ನಲಿಲ್ಲ. ವರ್ಗಾವಣೆ ಆ ವರ್ಷ ಆಯಿತು. ದೊಡ್ಡಗದ್ದವಳ್ಳಿಗೆ ಬಂದದ್ದು ಹಾಗೆ.

ಕಂತು ಮುಗಿದಾಗ ಫೋನಿನ ಪರದೆಯ ಮೂಲೆಯಲ್ಲಿ 'ಮುಂದಿನ ಕಂತು' ಎಂದು ಅಂಕಿ ಇಳಿಯತೊಡಗಿತು. ಐದು, ನಾಲ್ಕು, ಮೂರು... ನಿಲ್ಲಿಸಲು ಬೆರಳು ಹುಡುಕುವಷ್ಟರಲ್ಲಿ 'ತಾನ ನ ತಾನ ನ' ಶುರುವಾಗಿಬಿಟ್ಟಿತ್ತು. ಈ ಒಟಿಟಿಯ ಮೇಲೆ ನನ್ನ ದೊಡ್ಡ ತಕರಾರು ಇದೇ. 1987ರಲ್ಲಿ ಒಂದು ಕಂತು ನೋಡಿದರೆ ಮುಂದಿನದಕ್ಕೆ ಕಾಯಬೇಕಿತ್ತು, ಆ ನಡುವೆ ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಈಗ ಐದು ಸೆಕೆಂಡು. ಸ್ವಾಮಿಯ ಕಂತಿಗೆ ಅದು ನಡೆದೀತು. ಶಾಂತಾ ಮಲಗಿರುವಾಗ ನಡೆಯುವುದಿಲ್ಲ.

ಬೇರೆ ತಕರಾರುಗಳೂ ಇವೆ. ಧಾರಾವಾಹಿ ಹಿಂದಿಯಲ್ಲಿದೆ, ಮೊದಲ ಕೆಲವು ಕಂತುಗಳನ್ನು ಇಂಗ್ಲಿಷಿನಲ್ಲೂ ತಯಾರಿಸಿದ್ದರು. ನಾನು ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸಾದವಳು, ಅರ್ಥವಾಗುವುದಿಲ್ಲವೆಂದಲ್ಲ. ಆದರೆ ಆಗುಂಬೆಯ ಆ ದೊಡ್ಡ ಮನೆಯ ಜಗಲಿ, ಕಂಬ, ನಮ್ಮ ರಂಗಭೂಮಿಯ ಮುಖಗಳು, ನಮ್ಮ ಹೆಂಗಸರು ಸೆರಗು ಸಿಕ್ಕಿಸುವ ರೀತಿ, ಎಲ್ಲ ನಮ್ಮದಾಗಿ, ಬಾಯಿ ತೆರೆದರೆ ಮಾತ್ರ 'ಕ್ಯಾ ಹುವಾ'. ದೇಶಕ್ಕೆಲ್ಲ ತೋರಿಸಬೇಕಾದರೆ ಅದೇ ದಾರಿ ಇತ್ತೆನ್ನಿ. ಆದರೂ ಶಾಂತಾಳಿಗೆ ಅಪ್ಪ ಕೊಟ್ಟ ಮಾತು ಕನ್ನಡದಲ್ಲಿರಬೇಕಿತ್ತು ಎಂದು ನನ್ನ ಮನಸ್ಸು ಒಪ್ಪಲೊಲ್ಲದು.

ಇನ್ನೊಂದು, ಹೆಂಗಸರದು. ಮಾಲ್ಗುಡಿಯ ಅಮ್ಮಂದಿರು ಬಾಗಿಲ ಚೌಕಟ್ಟು ದಾಟಿ ಈಚೆ ಬರುವುದು ಅಪರೂಪ. ವೈಶಾಲಿ ಕಾಸರವಳ್ಳಿಯವರಂಥ ಕಲಾವಿದೆಯನ್ನು ಇಟ್ಟುಕೊಂಡು ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ತಟ್ಟೆ ಹಿಡಿದು ನಿಲ್ಲುವ ಕೆಲಸ. ವೆಂಕಟರಾವ್‌ನ ಹೆಂಡತಿಯನ್ನೇ ತೆಗೆದುಕೊಳ್ಳಿ. ಗಂಡ ಬೇಗ ಬರುವುದಿಲ್ಲ ಎಂದು ಆ ಮನೆಯಲ್ಲಿ ಬೆಳಿಗ್ಗೆಯೇ ಗೊತ್ತಿದ್ದವಳು ಅವಳೊಬ್ಬಳೇ ಇರಬೇಕು. ಆದರೂ ಮಗುವಿಗೆ ಫ್ರಾಕು ತೊಡಿಸಿದಳು, ರಿಬ್ಬನ್ನು ಕಟ್ಟಿದಳು. ಯಾಕೆ ತೊಡಿಸಿದೆ ಎಂದು ನಾರಾಯಣರು ಅವಳನ್ನು ಕೇಳಲಿಲ್ಲ, ಶಂಕರ್‌ನಾಗರೂ ಕೇಳಲಿಲ್ಲ. ನಮ್ಮ ಪಕ್ಕದ ಮನೆಯ ಅಕ್ಕನನ್ನು ನಾನೂ ಕೇಳಿಲ್ಲ. ಎರಡು ಗಂಟೆಗೆ ನಾನು ಬಾರದಿದ್ದಾಗ ಅವರು ಜಡೆ ಬಿಚ್ಚಬಹುದಿತ್ತಲ್ಲ.

2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತು ಮಾಡಿದರು. ನೋಡಿದೆ. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಮೊದಲಿನದರಲ್ಲಿ ಮಳೆ ತಾನಾಗಿ ಬರುತ್ತಿತ್ತು, ಅಷ್ಟು ಹೇಳಬಲ್ಲೆ. ಶಂಕರ್‌ನಾಗ್ ಆ ಹೊತ್ತಿಗೆ ಇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಹೋದಾಗ ಅವರಿಗೆ 35 ವರ್ಷ. ನನ್ನ ಮೊದಲ ಬ್ಯಾಚಿನ ವಿದ್ಯಾರ್ಥಿಗಳಿಗೆ ಈಗ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.

ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಈ ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಆಗಿತ್ತು. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಕರೆದೊಯ್ದಿದ್ದೆ. ಎಲ್ಲರೂ ಸ್ವಾಮಿಯನ್ನು ಹುಡುಕಿದರು, ಫೋಟೋ ತೆಗೆಸಿಕೊಂಡರು. ದೇವಸ್ಥಾನದ ಪ್ರಶ್ನೆ ಕೇಳಿದ್ದ ಹುಡುಗ ಮಾತ್ರ ಬಂದು, "ಇಲ್ಲಿ ಬೇರೆಯೋರ್ ಯಾರೂ ಇರ್ಲಿಲ್ವಾ ಮಿಸ್?" ಎಂದ. ಅವನಿಗೆ ಬಸ್ಸಿನಲ್ಲಿ ಸಿದ್ದನ ಕಥೆ ಹೇಳಿದೆ. ಹುಣಸೆಹಣ್ಣಿನ ಗಡಿಗೆ ಬಂದಾಗ ಸುತ್ತಲಿನ ಸೀಟಿನವರೂ ಹಾಡು ನಿಲ್ಲಿಸಿ ಕೇಳುತ್ತಿದ್ದರು.

ವೆಂಕಟರಾವ್‌ನ ಕಂತು ನೋಡಿದ ಮಾರನೆಯ ದಿನ ಮಗಳಿಗೆ ಫೋನು ಮಾಡಿದೆ. ಬರುವ ಶನಿವಾರ ಊರಿಗೆ ಬರುತ್ತೇನೆಂದಿದ್ದಳು. ಅವಳಿಗಿಷ್ಟವೆಂದು ಅಕ್ಕಿ ರೊಟ್ಟಿಗೆ ಅವರೆಕಾಳು ಸುಲಿದಿಟ್ಟಿದ್ದೆ. ಮಾತಿನ ನಡುವೆ ಮೊಗ್ಗಿನ ಜಡೆ ನೆನಪಿದೆಯೇನೇ ಎಂದೆ.

"ಯಾವ್ದಮ್ಮ? ಪಕ್ಕದ್ಮನೆ ಆಂಟಿ ಹಾಕಿದ್ದಾ? ಕೋಡುಬಳೆ ಕೊಟ್ಟಿದ್ರು ಅವತ್ತು. ಕಿವಿ ಹತ್ರ ಏನೋ ಚುಚ್ತಾ ಇತ್ತು" ಎಂದಳು. ಸ್ವಲ್ಪ ತಡೆದು, "ಅಮ್ಮ, ಬೇಜಾರ್ ಮಾಡ್ಕೋಬೇಡ, ಈ ಶನಿವಾರ ಬರಕ್ಕಾಗಲ್ಲ. ಪ್ರಮೋಷನ್ ಕೊಟ್ಟಿದಾರೆ. ಹೊಸ ಟೀಮು, ಶನಿವಾರನೂ ಇರ್ಬೇಕಂತೆ" ಎಂದಳು.

ಸಂತೋಷ ಕಣೆ ಎಂದೆ. ಸಂಬಳ ಎಷ್ಟು ಜಾಸ್ತಿಯಾಯಿತು ಎಂದು ನಾನು ಕೇಳಲಿಲ್ಲ. ಅವರೆಕಾಳನ್ನು ಫ್ರಿಜ್ಜಿನಲ್ಲಿಟ್ಟೆ.